ವಿರಾಜಪೇಟೆ ಹತ್ತಿರದ ಹೋಂಸ್ಟೇಗೆ ಎಸ್‌ಇಒ: ನಾವೇ ಕಲಿತು ಮಾಡಬಹುದೇ, ಏಜೆನ್ಸಿಗೆ ಕೊಡಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ವಿರಾಜಪೇಟೆ ಹತ್ತಿರ ತೋಟದ ಮನೆಯಲ್ಲಿ ನಾಲ್ಕು ಕೋಣೆಯ ಹೋಂಸ್ಟೇ, ಜೊತೆಗೆ ಸ್ವಂತ ತೋಟದ ಕಾಫಿ ಪುಡಿ ಮಾರಾಟ. ವೆಬ್‌ಸೈಟ್ ಮಾಡಿಸಿ ವರ್ಷವಾದರೂ ಅದರಿಂದ ಒಂದು ಫೋನೂ ಬಂದಿಲ್ಲ. ತಿಂಗಳಿಗೆ 15,000 ರೂಪಾಯಿ ಕೊಟ್ಟರೆ ಒಂದೇ ತಿಂಗಳಲ್ಲಿ ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ ಎಂದು ಒಬ್ಬರು ಹೇಳಿದ್ದಾರೆ. ಕೊಡಬೇಕೋ, ನಾವೇ ಕಲಿತು ಮಾಡಬಹುದೋ?

ನೀವೇ ಮಾಡಬಹುದು. ಎಸ್‌ಇಒ ಎಂದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ನಿಮ್ಮ ಸೈಟು ಮೇಲೆ ಕಾಣುವಂತೆ ಮಾಡುವ ಕೆಲಸ. ನಾಲ್ಕು ಕೋಣೆ ತುಂಬಿಸಲು ಬೇಕಾದಷ್ಟು ಎಸ್‌ಇಒಗೆ ಕೋರ್ಸ್ ಬೇಡ, ವಾರಕ್ಕೆ ನಾಲ್ಕೈದು ಗಂಟೆ ಮತ್ತು ಒಂದು ನೋಟ್‌ಬುಕ್ ಸಾಕು. ನೋಟ್‌ಬುಕ್ ಏಕೆಂದು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಐದು ನಿಮಿಷದ ಒಂದು ಪರೀಕ್ಷೆ ಮಾಡಿಬಿಡಿ.

ಗೂಗಲ್‌ನಲ್ಲಿ ಇಂಗ್ಲಿಷಿನ ‘ಸೈಟ್’ ಪದ, ಅದಕ್ಕಂಟಿ ಕೋಲನ್, ಜಾಗ ಬಿಡದೆ ನಿಮ್ಮ ಡೊಮೇನ್ ಹೆಸರು (ನಿಮ್ಮ ಸೈಟಿನ ವಿಳಾಸ) ಟೈಪ್ ಮಾಡಿ ಹುಡುಕಿ. ನಿಮ್ಮ ಪುಟಗಳ ಪಟ್ಟಿ ಬಂದರೆ ಸರಿ. ಏನೂ ಬಾರದಿದ್ದರೆ ಸೈಟು ಗೂಗಲ್‌ನ ಲೆಕ್ಕದಲ್ಲೇ ಇಲ್ಲ ಎಂದು ತಿಳಿಯಿರಿ. ವರ್ಡ್‌ಪ್ರೆಸ್ ಎಂಬ ಸೈಟು ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸೈಟಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ರೀಡಿಂಗ್ ಒತ್ತಿ, ಕೆಳಗೆ ನೋಡಿ. ಸರ್ಚ್ ಎಂಜಿನ್‌ಗಳು ಒಳಗೆ ಬಾರದಂತೆ ತಡೆಯುವ ಒಂದು ಟಿಕ್ ಪೆಟ್ಟಿಗೆ ಅಲ್ಲಿದೆ. ಸೈಟು ಕಟ್ಟುವಾಗ ಟಿಕ್ ಹಾಕಿ, ಆಮೇಲೆ ತೆಗೆಯಲು ಮರೆಯುವುದು ತೀರಾ ಸಾಮಾನ್ಯ. ‘ವರ್ಷದಿಂದ ಒಂದು ಫೋನೂ ಇಲ್ಲ’ ಎನ್ನುವವರ ಸೈಟಿನಲ್ಲಿ ಮೊದಲು ನೋಡಬೇಕಾದ ಜಾಗ ಅದೇ.

ಅದಾದ ಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟನ್ನು ಸೇರಿಸಿ. ಯಾವ ಹುಡುಕಾಟಕ್ಕೆ ನಿಮ್ಮ ಸೈಟು ಕಂಡಿತು ಎಂದು ಗೂಗಲ್ ತೋರಿಸುವ ಜಾಗ ಅದು. ಉಚಿತ. ‘ಡೊಮೇನ್’ ಬಗೆಯನ್ನೇ ಆರಿಸಿ. ಗೂಗಲ್ ಕೊಡುವ ಒಂದು ಸಾಲಿನ ಕೋಡನ್ನು ಡೊಮೇನ್ ಕೊಂಡ ಕಂಪನಿಯ ಡಿಎನ್‌ಎಸ್ (ಡೊಮೇನಿನ ಸೆಟ್ಟಿಂಗ್) ಪುಟದಲ್ಲಿ ಟಿಎಕ್ಸ್‌ಟಿ ದಾಖಲೆಯಾಗಿ ಅಂಟಿಸಬೇಕು. ಕೆಲವೊಮ್ಮೆ ನಿಮಿಷಗಳಲ್ಲಿ, ಕೆಲವೊಮ್ಮೆ ಒಂದೆರಡು ದಿನಕ್ಕೆ ಒಪ್ಪಿಗೆ ಸಿಗುತ್ತದೆ. ಬಳಿಕ ಸೈಟ್‌ಮ್ಯಾಪ್, ಅಂದರೆ ನಿಮ್ಮ ಪುಟಗಳ ಪಟ್ಟಿ ಇರುವ ಕಡತದ ವಿಳಾಸ ಕೊಡಿ. 2020ರ ಆಗಸ್ಟ್‌ನಲ್ಲಿ ಬಂದ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ಅದನ್ನು ತಾನೇ ತಯಾರಿಸುತ್ತದೆ, ಪ್ರತ್ಯೇಕ ಪ್ಲಗಿನ್ (ಜೋಡಿಸುವ ಸಣ್ಣ ಸಾಫ್ಟ್‌ವೇರ್) ಬೇಡ. ಇವತ್ತೇ ಸೇರಿಸಿ ಎನ್ನಲು ಕಾರಣವಿದೆ. ಕನ್ಸೋಲ್ 16 ತಿಂಗಳ ಹುಡುಕಾಟದ ಲೆಕ್ಕ ಇಟ್ಟುಕೊಳ್ಳುತ್ತದೆ, ಮುಂದಿನ ವರ್ಷ ಇದೇ ಮಳೆಗಾಲದ ಜೊತೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ಇನ್ನು ನಕ್ಷೆ. ನಿಮ್ಮಂಥ ಜಾಗಕ್ಕೆ ವೆಬ್‌ಸೈಟಿಗಿಂತ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದಲೇ (ಗೂಗಲ್ ಮ್ಯಾಪ್‌ನಲ್ಲಿ ಹೆಸರು, ಫೋನ್, ರಿವ್ಯೂ ತೋರಿಸುವ ಉಚಿತ ಪುಟ) ಹೆಚ್ಚು ಫೋನ್ ಬರುತ್ತದೆ, ನನ್ನ ಮಾತು ನಂಬಿ. 2021ರವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್. ಹಳೆಯ ಪ್ರೊಫೈಲ್ ಜೊತೆ ಸಿಗುತ್ತಿದ್ದ ಉಚಿತ ವೆಬ್‌ಸೈಟನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು, ನಿಮ್ಮ ಕಾರ್ಡಿನಲ್ಲೋ ಬೋರ್ಡಿನಲ್ಲೋ ಆ ವಿಳಾಸ ಉಳಿದಿದ್ದರೆ ಬದಲಿಸಿ.

ಹೊಸ ಪ್ರೊಫೈಲ್ ಮಾಡುವ ಮೊದಲು ಹೋಂಸ್ಟೇ ಹೆಸರು ಹುಡುಕಿ ನೋಡಿ. ಯಾರೋ ಅತಿಥಿ ಆಗಲೇ ಒಂದು ಗುರುತು ಹಾಕಿರಬಹುದು. ಇದ್ದರೆ ಅದನ್ನೇ ನಿಮ್ಮದೆಂದು ಕ್ಲೇಮ್ ಮಾಡಿ, ಎರಡನೆಯದು ಬೇಡ. ಎರಡಿದ್ದರೆ ರಿವ್ಯೂಗಳೂ ಎರಡು ಪಾಲಾಗುತ್ತವೆ. ಬೋರ್ಡಿನಲ್ಲಿ ಇರುವ ಹೆಸರನ್ನಷ್ಟೇ ಬರೆಯಿರಿ. ಹೆಸರಿನ ಬಾಲಕ್ಕೆ ‘ಬೆಸ್ಟ್ ಹೋಂಸ್ಟೇ ಇನ್ ಕೂರ್ಗ್’ ಎಂದು ಸೇರಿಸುವುದು ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ಅಮಾನತಾಗಬಹುದು, ಅದೂ ಡಿಸೆಂಬರ್ ಸೀಸನ್ನಿನಲ್ಲಿ ಆದರೆ ಕೇಳಲೇಬೇಡಿ.

ಜಾಗ ನಿಮ್ಮದೇ ಎಂಬ ಖಾತರಿಗೆ ಗೂಗಲ್‌ನವರು ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ಕತ್ತರಿಸದೆ, ಒಂದೇ ಓಟದಲ್ಲಿ, ಕನಿಷ್ಠ 30 ಸೆಕೆಂಡ್. ಅದರಲ್ಲಿ ಮೂರು ಸಂಗತಿ ಕಾಣಲೇಬೇಕು: ಜಾಗ ಯಾವುದೆಂದು ತಿಳಿಯುವಂತೆ ರಸ್ತೆ ಅಥವಾ ಅಕ್ಕಪಕ್ಕದ ಗುರುತು, ನಿಮ್ಮ ಹೆಸರಿನ ಬೋರ್ಡು, ಮತ್ತು ನೀವೇ ನಡೆಸುವವರು ಎಂಬುದಕ್ಕೆ ಪುರಾವೆ. ಬೀಗ ತೆಗೆದು ಒಳಗೆ ಹೋಗುವುದನ್ನು ತೋರಿಸಿದರೂ ಆಯಿತು. ತೋಟದ ಮನೆಗಳು ಸೋಲುವುದು ಮೊದಲನೆಯದರಲ್ಲಿ: ಸುತ್ತ ಬರೀ ಕಾಫಿ ಗಿಡ, ಸಿಲ್ವರ್ ಓಕ್ ಕಂಡರೆ ಅದು ಎಲ್ಲಿಯದೂ ಆಗಬಹುದು. ರಸ್ತೆಯ ತಿರುವಿನಿಂದ, ಊರ ಹೆಸರಿನ ಫಲಕ ಹಿಡಿದುಕೊಂಡು ಶುರು ಮಾಡಿ.

ಪಿನ್ನನ್ನು ಗೇಟಿಗೆ ಸರಿಯಾಗಿ ಎಳೆದು ಕೂರಿಸಿ. ಮನೆಯ ಮಾಡಿನ ಮೇಲಿಟ್ಟರೆ ಮ್ಯಾಪ್ ಹತ್ತಿರದ ಯಾವುದೋ ದಾರಿ ಹಿಡಿಸಿ ಪಕ್ಕದವರ ಕಣಕ್ಕೆ ಕಾರು ನುಗ್ಗಿಸುತ್ತದೆ. ಇಟ್ಟ ಮೇಲೆ ವಿರಾಜಪೇಟೆ ಬಸ್ ಸ್ಟ್ಯಾಂಡಿನಿಂದ ಒಮ್ಮೆ ನೀವೇ ಮ್ಯಾಪ್ ಹಾಕಿಕೊಂಡು ಬನ್ನಿ.

ನಕ್ಷೆಯಲ್ಲಿ ಯಾರು ಮೇಲೆ ಎಂಬುದಕ್ಕೆ ಗೂಗಲ್ ಹೇಳುವ ಮಾನದಂಡ ಮೂರು: ಹುಡುಕಿದ ವಿಷಯಕ್ಕೆ ಎಷ್ಟು ಹೊಂದುತ್ತೀರಿ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ. ಮಡಿಕೇರಿಯಲ್ಲಿ ನಿಂತು ಹುಡುಕಿದವನಿಗೆ ನೀವು ಮೇಲೆ ಕಾಣಲಿಲ್ಲ ಎಂದು ಕೊರಗಬೇಡಿ. ರಿವ್ಯೂ ಮಾತ್ರ ಕೈಯಲ್ಲಿದೆ. ಪ್ರೊಫೈಲ್‌ನಲ್ಲೇ ಸಿಗುವ ರಿವ್ಯೂ ಲಿಂಕನ್ನು ಅತಿಥಿ ಹೊರಟ ದಿನವೇ ವಾಟ್ಸ್ಆ್ಯಪ್ ಮಾಡಿ, ಎಲ್ಲರಿಗೂ ಮಾಡಿ. ಖುಷಿಯಾದವರನ್ನಷ್ಟೇ ಆರಿಸಿ ಕೇಳುವುದು, ರಿವ್ಯೂಗೆ ಬದಲಾಗಿ ಜೇನು ಬಾಟಲಿ ಕೊಡುವುದು ಎರಡಕ್ಕೂ ಗೂಗಲ್ ನಿಯಮದಲ್ಲಿ ಜಾಗವಿಲ್ಲ.

ಈಗ ನೋಟ್‌ಬುಕ್. ಇದನ್ನು ಫೋನಿನ ಪಕ್ಕ ಇಡಿ. ಒಂದು ತಿಂಗಳು, ಫೋನಿನಲ್ಲಿ ಬರುವ ಪ್ರತಿ ಪ್ರಶ್ನೆಯನ್ನು ಅವರು ಕೇಳಿದ ಪದಗಳಲ್ಲೇ ಬರೆದುಕೊಳ್ಳಿ. ‘ಸಣ್ಣ ಕಾರು ಮನೆವರೆಗೆ ಬರುತ್ತಾ?’ ‘ಡ್ರೈವರ್‌ಗೆ ಮಲಗಲು ಜಾಗ ಇದೆಯಾ?’ ‘ಜುಲೈಯಲ್ಲಿ ಬಂದರೆ ಜಿಗಣೆ ಕಾಟವಾ?’ ‘ಕೆಲಸ ಮಾಡೋಕೆ ನೆಟ್‌ವರ್ಕ್ ಸಿಗುತ್ತಾ?’ ‘ಪಂದಿ ಕರಿ ಮಾಡಿಕೊಡ್ತೀರಾ, ಸಸ್ಯಾಹಾರಿಗಳಿಗೆ ಏನು?’ ಇವೇ ನಿಮ್ಮ ಕೀವರ್ಡ್‌ಗಳು, ಅಂದರೆ ಜನ ಗೂಗಲ್‌ನಲ್ಲಿ ಹುಡುಕುವ ಮಾತುಗಳು. ಹಣ ಕೊಟ್ಟು ಕೊಳ್ಳುವ ಯಾವ ಟೂಲ್ ಕೂಡ ಈ ಪಟ್ಟಿ ಕೊಡುವುದಿಲ್ಲ, ಏಕೆಂದರೆ ತಿಂಗಳಿಗೆ ಹತ್ತಿಪ್ಪತ್ತು ಜನ ಮಾತ್ರ ಹುಡುಕುವ ಮಾತುಗಳನ್ನು ಅವು ಹೆಚ್ಚಾಗಿ ಸೊನ್ನೆ ಎಂದು ತೋರಿಸುತ್ತವೆ. ನಾಲ್ಕು ಕೋಣೆಯವರಿಗೆ ಆ ಹತ್ತಿಪ್ಪತ್ತು ಜನ ಧಾರಾಳ.

‘ಕೂರ್ಗ್ ಹೋಂಸ್ಟೇ’ ಎಂಬ ಎರಡು ಪದದ ಹಿಂದೆ ಬೀಳಬೇಡಿ. ಅಲ್ಲಿ ಕೂತಿರುವುದು ದೊಡ್ಡ ಬುಕಿಂಗ್ ಕಂಪನಿಗಳು, ಅವರ ಜೊತೆ ಗುದ್ದಾಡಿ ಗೆಲ್ಲಲಾಗದು. ‘ಕೊಡಗಿನಲ್ಲಿ ನೋಡಬೇಕಾದ 10 ಸ್ಥಳ’ ಬರೆಯುವುದೂ ವ್ಯರ್ಥ. ಅಬ್ಬಿ, ರಾಜಾಸೀಟು, ದುಬಾರೆ ಎಂದು ಸಾವಿರ ಸೈಟುಗಳು ಬರೆದಿವೆ. 2024ರಿಂದ ಭಾರತದಲ್ಲೂ ಗೂಗಲ್ ತನ್ನ ಎಐ ಸಾರಾಂಶವನ್ನು ಪುಟದ ತಲೆಯಲ್ಲೇ ಕೊಡುತ್ತಿರುವುದರಿಂದ ಅಂಥ ಪ್ರಶ್ನೆಗೆ ಎಷ್ಟೋ ಜನ ಯಾವ ಲಿಂಕನ್ನೂ ಒತ್ತುವುದಿಲ್ಲ.

ಬದಲಿಗೆ ನಿಮ್ಮ ಮನೆಯ ಸುತ್ತಲಿನ ಕಾರಣಗಳನ್ನು ಯೋಚಿಸಿ. ಜನ ವಿರಾಜಪೇಟೆ ಕಡೆಗೆ ಯಾಕೆ ಬರುತ್ತಾರೆ? ಕಕ್ಕಬ್ಬೆಯಿಂದ ತಡಿಯಂಡಮೋಳ್ ಹತ್ತಲು: 1,748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ, ಬೇಗ ಹೊರಡಬೇಕು, ಅಂದರೆ ಬೆಳಗಿನ ಜಾವ ತಿಂಡಿ ಕಟ್ಟಿಕೊಡುವ ಮನೆ ಬೇಕು. ಚೇಲಾವರ ಜಲಪಾತ ನೋಡಲು. ಕೊಡವ ಸಮಾಜದಲ್ಲಿ ಮದುವೆಗೆ: ಬೆಂಗಳೂರಿನಿಂದ ಬರುವ ನೆಂಟರು ಮಂಟಪಕ್ಕೆ ಹತ್ತಿರದ ರೂಮು ಹುಡುಕುತ್ತಾರೆ, ಇದಕ್ಕೆ ಪುಟ ಮಾಡಿರುವವರು ಕಡಿಮೆ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯಲ್ಲಿ ಹತ್ತಿರದ ಮೈದಾನಕ್ಕೆ ಬಂದರೆ ಅದಕ್ಕೂ ಒಂದು ಪುಟ. ಕಣ್ಣೂರು ವಿಮಾನ ನಿಲ್ದಾಣ 2018ರ ಕೊನೆಗೆ ತೆರೆದ ಮೇಲೆ ಮಾಕುಟ್ಟ ಘಾಟಿ ಹತ್ತಿ ಬರುವವರೂ ಇದ್ದಾರೆ. ‘ಕಣ್ಣೂರು ಏರ್‌ಪೋರ್ಟಿನಿಂದ ವಿರಾಜಪೇಟೆಗೆ’ ಎಂದು ಒಂದು ಪುಟ ಬರೆದು, ಟ್ಯಾಕ್ಸಿ ಬಾಡಿಗೆ, ಹಿಡಿಯುವ ಹೊತ್ತು, ಜೋರು ಮಳೆಯಲ್ಲಿ ಘಾಟಿಯ ಸ್ಥಿತಿ ಕೇಳಿಕೊಳ್ಳುವುದು ಹೇಗೆ ಎಂದು ಹೇಳಿ. ಜಿಲ್ಲೆಗೆ ರೈಲಿಲ್ಲ ಎಂಬುದೇ ಗೊತ್ತಿಲ್ಲದೆ ಫೋನ್ ಮಾಡುವವರು ಈಗಲೂ ಇದ್ದಾರಲ್ಲ, ಅವರಿಗೂ ಅದೇ ಪುಟ.

ಒಂದು ಪುಟಕ್ಕೆ ಒಂದೇ ಉದ್ದೇಶ. ಎಂಟು ಪುಟ ಸಾಕು, ಎಂಬತ್ತು ಬೇಡ. ಊರ ಹೆಸರು ಮಾತ್ರ ಬದಲಿಸಿ ‘ಮಡಿಕೇರಿ ಹೋಂಸ್ಟೇ’, ‘ಕುಶಾಲನಗರ ಹೋಂಸ್ಟೇ’, ‘ಸೋಮವಾರಪೇಟೆ ಹೋಂಸ್ಟೇ’ ಎಂದು ಒಂದೇ ಬರಹವನ್ನು ಹತ್ತು ಸಲ ಹಾಕುವುದಕ್ಕೆ ಗೂಗಲ್ ಬಾಗಿಲು ಪುಟ ಎನ್ನುತ್ತದೆ, ಸ್ಪ್ಯಾಮ್ ಎಂದೇ ಎಣಿಸುತ್ತದೆ. ಟೈಟಲ್‌ನಲ್ಲಿ (ಗೂಗಲ್ ಫಲಿತಾಂಶದಲ್ಲಿ ಕಾಣುವ ಪುಟದ ಹೆಸರು) ಮುಖ್ಯ ಮಾತು ಮೊದಲು ಬರಲಿ, 60 ಅಕ್ಷರದೊಳಗಿದ್ದರೆ ಸಾಮಾನ್ಯವಾಗಿ ತುಂಡಾಗದೆ ಕಾಣುತ್ತದೆ. ‘ತಡಿಯಂಡಮೋಳ್ ಚಾರಣಕ್ಕೆ ಹತ್ತಿರದ ಹೋಂಸ್ಟೇ, ಕಕ್ಕಬ್ಬೆ ರಸ್ತೆ’ ಎಂಬುದು ‘ಸ್ವರ್ಗಕ್ಕೆ ಸ್ವಾಗತ’ಕ್ಕಿಂತ ಸಾವಿರ ಪಾಲು ಮೇಲು. ಅದರ ಕೆಳಗೆ ಕಾಣಲೆಂದು ಬರೆಯುವ ಚಿಕ್ಕ ವಿವರಣೆ, ಅಂದರೆ ಮೆಟಾ ಡಿಸ್ಕ್ರಿಪ್ಶನ್, ಸ್ಥಾನ ಏರಿಸುವುದಿಲ್ಲ, ಕ್ಲಿಕ್ ತರಬಹುದು: ದರ, ಊಟ, ದೂರ ಮೂರನ್ನೂ ಅದರಲ್ಲಿ ಹೇಳಿಬಿಡಿ. ಮೆಟಾ ಕೀವರ್ಡ್ಸ್ (ಪುಟದ ಕೋಡಿನಲ್ಲಿ ಅಡಗಿರುವ ಪದಪಟ್ಟಿ) ತುಂಬುತ್ತಾ ಕೂರಬೇಡಿ, ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಭಾಷೆಯ ಗೊಂದಲ ಬಹಳ ಜನಕ್ಕಿದೆ. ಹೊರಗಿನವರು ‘ಕೂರ್ಗ್’ ಎಂದು ಹುಡುಕುತ್ತಾರೆ, ನಮ್ಮವರು ‘ಕೊಡಗು’. ಇಂಗ್ಲಿಷ್ ಪುಟದಲ್ಲಿ ಎರಡು ಹೆಸರೂ ಒಮ್ಮೊಮ್ಮೆ ಬರಲಿ. ಕನ್ನಡದ ಪುಟ ಬೇರೆ ಮಾಡಿ, ಒಂದೇ ಪುಟದಲ್ಲಿ ಅರ್ಧ ಅದು ಅರ್ಧ ಇದು ಬೇಡ. ಕನ್ನಡ ಪುಟದ ಹೆಸರು ಕನ್ನಡ ಲಿಪಿಯಲ್ಲಿರಲಿ, ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡ ವಿಳಾಸವನ್ನು ಗೂಗಲ್ ಓದುತ್ತದೆ, ಆದರೆ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಉದ್ದ ಹಾವಾಗುತ್ತದೆ.

ಫೋಟೋ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಿ. ಫೋನಿನಲ್ಲಿ ತೆಗೆದ ಚಿತ್ರ ಸುಮಾರು 4,000 ಪಿಕ್ಸೆಲ್ ಅಗಲ, ನಾಲ್ಕೈದು ಎಂಬಿ. ಅಂಥ ಹನ್ನೆರಡನ್ನು ಹಾಗೇ ಏರಿಸಿದರೆ, ಘಾಟಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಕೂತವನಿಗೆ ಪುಟ ತೆರೆಯುವುದೇ ಇಲ್ಲ. 1,600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ರೂಪಕ್ಕೆ ಬದಲಿಸಿ, ಒಂದೊಂದು 200 ಕೆಬಿ ಒಳಗಿರಲಿ. ಲೇಜಿ ಲೋಡ್ (ಕೆಳಗೆ ಸರಿಸಿದಾಗ ಮಾತ್ರ ಚಿತ್ರ ತೆರೆಯುವ ವ್ಯವಸ್ಥೆ) ಹಾಕುವುದಾದರೆ ಮೇಲಿನ ದೊಡ್ಡ ಚಿತ್ರಕ್ಕೆ ಬೇಡ, ಅದು ತಡವಾದರೆ ಪುಟವೇ ತಡ ಎಂದು ಲೆಕ್ಕ. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಫಲಿತಾಂಶ ನೋಡಿ: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ರೇಟ್ ಕಾರ್ಡನ್ನು ಪೋಸ್ಟರ್ ಚಿತ್ರವಾಗಿ ಹಾಕುವ ಅಭ್ಯಾಸ ಬಿಡಿ, ಅಕ್ಷರವಾಗಿಯೇ ಬರೆಯಿರಿ. ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ ಸಂಖ್ಯೆಯನ್ನೂ ಕೆಳಗೆ ಬರೆದರೆ ನೋಡಿದವರಿಗೆ ಧೈರ್ಯ.

ಕಾಫಿ ಪುಡಿ ಬೇರೆಯದೇ ವ್ಯಾಪಾರ, ಹೋಂಸ್ಟೇ ಪುಟದೊಳಗೆ ತುರುಕಬೇಡಿ. ಅರೇಬಿಕಾ ಎಷ್ಟು ರೊಬಸ್ಟಾ ಎಷ್ಟು, ಚಿಕೋರಿ ಶೇಕಡಾ ಎಷ್ಟು, ಹುರಿದ ದಿನಾಂಕ, ಫಿಲ್ಟರಿಗೋ ಬೇರೆಯದಕ್ಕೋ, 250 ಗ್ರಾಂಗೆ ದರ, ಅಂಚೆ ವೆಚ್ಚ: ಇಷ್ಟು ಬರೆದ ಪುಟವೇ ‘ಶುದ್ಧ ಕೂರ್ಗ್ ಕಾಫಿ’ ಎಂದು ಹತ್ತು ಸಲ ಬರೆದದ್ದನ್ನು ಸೋಲಿಸುತ್ತದೆ. ಚಿಕೋರಿ ಬೆರೆಸಿದರೆ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಲೇಬಲ್ಲಿನಲ್ಲಿ ಹಾಕಬೇಕು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆಯೂ ಬೇಕು. ‘ಕೂರ್ಗ್ ಅರೇಬಿಕಾ’ಕ್ಕೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿದೆ. ರೊಬಸ್ಟಾ ಬೆರೆಸಿದ ಪುಡಿಗೆ ಆ ಹೆಸರು ಅಂಟಿಸಬೇಡಿ. ಪುಟಕ್ಕೆ ಪ್ರಾಡಕ್ಟ್ ಸ್ಕೀಮಾ (ಸರಕಿನ ಹೆಸರು, ದರವನ್ನು ಗೂಗಲ್‌ಗೆ ತಿಳಿಸುವ ಕೋಡು) ಹಾಕಿ, ಗೂಗಲ್ ಮರ್ಚೆಂಟ್ ಸೆಂಟರ್‌ನ ಉಚಿತ ಸರಕು ಪಟ್ಟಿಗೆ ಸೇರಿಸಿ.

ಸಮಯದ ಲೆಕ್ಕ ತೋಟದ ಲೆಕ್ಕದ ಹಾಗೆಯೇ. ಕಾಫಿ ಹೂ ನೋಡಲು ಬರುವವರಿಗಾಗಿ ಬರೆಯುವ ಪುಟ ಹೂಮಳೆ ಬಿದ್ದ ಮೇಲೆ ಹಾಕಿದರೆ ಆ ವರ್ಷಕ್ಕೆ ಉಪಯೋಗವಿಲ್ಲ, ನವೆಂಬರಿನಲ್ಲೇ ಹಾಕಿರಬೇಕು. ಪುತ್ತರಿ ಮತ್ತು ಡಿಸೆಂಬರ್ ರಜೆಯ ಪುಟ ಆಗಸ್ಟ್‌ಗೆ. ಪ್ರತಿ ವರ್ಷ ಹೊಸ ವಿಳಾಸ ಮಾಡಬೇಡಿ, ಅದೇ ಪುಟವನ್ನು ತಿದ್ದುತ್ತಾ ಹೋಗಿ.

ಗೂಗಲ್ ಜಾಹೀರಾತು ಖಾಲಿ ವಾರಗಳಿಗೆ ಮಾತ್ರ. ದಿನಕ್ಕೆ 300 ರೂಪಾಯಿ, ಹತ್ತು ದಿನ ಪರೀಕ್ಷಿಸಿ. ಡಿಸ್ಪ್ಲೇ ನೆಟ್‌ವರ್ಕ್ (ಬೇರೆ ಸೈಟುಗಳಲ್ಲಿ ಕಾಣುವ ಜಾಹೀರಾತು) ಟಿಕ್ ತೆಗೆಯಿರಿ, ಫ್ರೇಸ್ ಮ್ಯಾಚ್ (ನೀವು ಕೊಟ್ಟ ಮಾತಿನ ಅರ್ಥ ಇರುವ ಹುಡುಕಾಟಕ್ಕೆ ಮಾತ್ರ) ಇಡಿ, ‘ಜಾಬ್’, ‘ಸೇಲ್’, ‘ಪಿಜಿ’ ಪದಗಳನ್ನು ನೆಗೆಟಿವ್ ಪಟ್ಟಿಗೆ ಹಾಕಿ, ಆ ಹುಡುಕಾಟಕ್ಕೆ ಜಾಹೀರಾತು ಕಾಣದ ಹಾಗೆ.

ತಿಂಗಳಿಗೊಮ್ಮೆ ಕನ್ಸೋಲ್‌ನಲ್ಲಿ 8ರಿಂದ 20ನೇ ಸ್ಥಾನದ ನಡುವೆ ಇರುವ ಹುಡುಕಾಟಗಳನ್ನು ನೋಡಿ. ಅಲ್ಲಿ ನಿಮ್ಮ ಪುಟ ಬಾಗಿಲ ಬಳಿ ನಿಂತಿದೆ, ಆ ಪ್ರಶ್ನೆಗೆ ಎರಡು ಪ್ಯಾರಾ ಉತ್ತರ ಸೇರಿಸಿದರೆ ಒಳಗೆ ಬಂದೀತು. ಪ್ರೊಫೈಲ್‌ನಲ್ಲಿರುವ ವೆಬ್‌ಸೈಟ್ ಲಿಂಕಿಗೆ ಯುಟಿಎಂ ಬಾಲ (ಎಲ್ಲಿಂದ ಬಂದರೆಂದು ಹೇಳುವ ಗುರುತು) ಹಾಕಿದರೆ ನಕ್ಷೆಯಿಂದ ಬಂದವರು ಯಾರು, ಹುಡುಕಾಟದಿಂದ ಬಂದವರು ಯಾರು ಎಂದು ಸೈಟಿಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಬೇರೆಯಾಗಿ ಕಾಣುತ್ತದೆ.

ಆ ಏಜೆನ್ಸಿಯ ಮಾತಿಗೆ ಬಂದರೆ, ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿದೆ. ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಎಂಬುದೂ ಗೂಗಲ್‌ನದೇ ಮಾತು. ‘ಯಾವ ಪದಕ್ಕೆ ಮೊದಲ ಪುಟ?’ ಎಂದು ಬರಹದಲ್ಲಿ ಕೇಳಿ. ಉತ್ತರ ನಿಮ್ಮ ಹೋಂಸ್ಟೇಯ ಹೆಸರೇ ಆಗಿದ್ದರೆ, ಅದಕ್ಕೆ ನೀವು ಹೇಗಿದ್ದರೂ ಬರುತ್ತೀರಿ. ‘500 ಬ್ಯಾಕ್‌ಲಿಂಕ್’ (ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಬರುವ ಲಿಂಕು) ಎಂಬ ಮಾತು ಬಂದರೆ ಕೈಮುಗಿದು ಕಳಿಸಿ: ಗೂಗಲ್‌ನ 2012ರ ಪೆಂಗ್ವಿನ್ ಅಪ್‌ಡೇಟ್ ಬಂದದ್ದೇ ಅಂಥ ಕೊಂಡ ಲಿಂಕುಗಳ ಮೇಲೆ. ಚಾರಣಕ್ಕೆ ಕರೆತರುವ ತಂಡ, ನಿಮಗೆ ಗೊತ್ತಿರುವ ಟ್ಯಾಕ್ಸಿಯವರ ಸೈಟು, ಪಕ್ಷಿ ವೀಕ್ಷಣೆಗೆ ಬಂದು ಬ್ಲಾಗ್ ಬರೆಯುವ ಅತಿಥಿ, ಇಂಥ ನಾಲ್ಕು ಲಿಂಕ್ ಬಂದರೂ ಸಾಕು. ಕೊನೆಗೂ ಯಾರಿಗಾದರೂ ಕೆಲಸ ಕೊಟ್ಟರೆ ಡೊಮೇನ್, ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಮೂರರಲ್ಲೂ ಮಾಲೀಕರು ನಿಮ್ಮ ಇಮೇಲ್ ಆಗಿರಲಿ. ಅವರನ್ನು ಪ್ರೊಫೈಲ್‌ನಲ್ಲಿ ಮ್ಯಾನೇಜರ್, ಕನ್ಸೋಲ್‌ನಲ್ಲಿ ಬಳಕೆದಾರ ಎಂದಷ್ಟೇ ಸೇರಿಸಿ, ಬಿಟ್ಟುಹೋದ ದಿನ ಒಂದೇ ಬಟನ್ ಒತ್ತಿ ತೆಗೆಯುವ ಹಾಗೆ.