ಓದುಗರ ಪ್ರಶ್ನೆ: ಹೆಲ್ಪರ್ ಆಗಿದ್ದರೆ ಸಾಕೇ, ಅಪ್ರೆಂಟಿಸ್ ಆಗಬೇಕೇ?

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಮುಗಿಸಿ ವೈರಿಂಗ್ ಕಂಟ್ರಾಕ್ಟರ್ ಜತೆ ಹೆಲ್ಪರ್ ಆಗಿ ಹೋಗುತ್ತಿದ್ದಾನೆ. ಅಮೆರಿಕದಲ್ಲಿ ಯೂನಿಯನ್ನೇ ಸಂಬಳ ಕೊಡಿಸಿ ಈ ಕೆಲಸ ಕಲಿಸುತ್ತದೆ ಎಂದು ನೆಂಟರೊಬ್ಬರು ಹೇಳಿದರು. ನಮ್ಮಲ್ಲೂ ಅಂಥದ್ದಿದೆಯೇ?
– ಸಾಗರದ ಓದುಗರು

ಉತ್ತರ: ನೆಂಟರು ಹೇಳಿದ್ದು ನಿಜ. ಅಲ್ಲಿ ಐಬಿಇಡಬ್ಲ್ಯೂ ಎಂಬ ಯೂನಿಯನ್ನೂ ಕಂಟ್ರಾಕ್ಟರುಗಳ ಸಂಘವೂ ಕೂಡಿ ತರಬೇತಿ ನಡೆಸುತ್ತವೆ. ಕಟ್ಟಡದ ವೈರಿಂಗ್‌ಗೆ ಸಾಮಾನ್ಯವಾಗಿ 5 ವರ್ಷ. ಸೇರಲು ಬೀಜಗಣಿತದ ಪರೀಕ್ಷೆಯೂ ಉಂಟು.

ನಮ್ಮಲ್ಲಿ ದಾರಿ ಬೇರೆ: 1961ರ ಅಪ್ರೆಂಟಿಸ್ ಕಾಯ್ದೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷ, ಆಮೇಲೆ 1 ವರ್ಷ ಅಪ್ರೆಂಟಿಸ್. 2019ರ ನಿಯಮ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಶಿಷ್ಯವೇತನ ಗೊತ್ತುಮಾಡಿತ್ತು. ಹೆಚ್ಚು ಕೊಡಲು ಅಡ್ಡಿಯಿಲ್ಲ, ಕೊಡುವವರು ಕಡಿಮೆ. ಕಾಯ್ದೆಯ ಕಣ್ಣಿಗೆ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿಯವನು. ಹಾಗಾಗಿ ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟು ಸಂಸ್ಥೆಗಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾತ್ರ ಮಾಲೀಕರದೇ.

ಸರ್ಕಾರಿ ವಿದ್ಯುತ್ ಸಂಸ್ಥೆಗಳಾದ ಮೆಸ್ಕಾಂ, ಕೆಪಿಸಿಎಲ್ ಪ್ರಕಟಣೆಯನ್ನೇ ಕಾಯುತ್ತ ಕೂರಬೇಡಿ. 30 ಮತ್ತು ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4 ಜನರಿರುವ ಕಂಟ್ರಾಕ್ಟರೂ ಮನಸ್ಸು ಮಾಡಿದರೆ ತೆಗೆದುಕೊಳ್ಳಬಹುದು. ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲ ವಾರವೇ ನೋಡಿಕೊಳ್ಳಿ. ಆಗದಿದ್ದರೆ ಐದು ವರ್ಷ ಗೋಡೆ ಕೊರೆದರೂ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಬರದು. ಮುಂದೆ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಮಾಡಿಸಬೇಕು. ಕಾಗದವಿಲ್ಲದ ಅನುಭವ ಅಲ್ಲಿ ನಡೆಯುವುದು ಕಷ್ಟ.

ಪ್ರಶ್ನೆ: ಐಟಿಐ ವಿದ್ಯಾರ್ಥಿ ನಾನು. ಜೋರು ಮಳೆ ಬಂದ ದಿನ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ, ಅಂದರೆ ತಾನಾಗಿ ಆಫ್ ಆಗುತ್ತದೆ. ಎಲ್ಲ ಎಂಸಿಬಿ (ಒಂದೊಂದು ಲೈನಿಗಿರುವ ಸ್ವಿಚ್) ಆಫ್ ಮಾಡಿದರೂ ನಿಲ್ಲುವುದಿಲ್ಲ. ಆರ್‌ಸಿಸಿಬಿಯೇ ಕೆಟ್ಟಿದೆಯೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಕೆಟ್ಟಿರಲಿಕ್ಕಿಲ್ಲ. ಮನೆಯ ಎಂಸಿಬಿ ಸಾಮಾನ್ಯವಾಗಿ ಸಿಂಗಲ್ ಪೋಲ್. ಫೇಸ್ (ಕರೆಂಟ್ ಬರುವ ತಂತಿ) ಮಾತ್ರ ಕಡಿಯುತ್ತದೆ, ನ್ಯೂಟ್ರಲ್ (ವಾಪಸ್ ಹೋಗುವ ತಂತಿ) ಹಾಗೇ ಇರುತ್ತದೆ. ಒದ್ದೆಯಾದ ಕಡೆ ನ್ಯೂಟ್ರಲ್ ಅರ್ತಿಗೆ ತಾಗಿದ್ದರೆ, ಬೀದಿ ಲೈನಿನ ಲೋಡ್‌ನಿಂದ ನ್ಯೂಟ್ರಲ್ ಮೇಲೆ ಏರುವ ಒಂದೆರಡು ವೋಲ್ಟೇ ಸಾಕು, 30 ಮಿಲಿಆಂಪ್ ದಾಟಿ ಟ್ರಿಪ್ ಆಗಬಹುದು.

ಮೇನ್ ಆಫ್ ಮಾಡಿ, ಟೆಸ್ಟರ್ ಅಲ್ಲ, ಮಲ್ಟಿಮೀಟರ್‌ನಿಂದ ಸಪ್ಲೈ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಟಿವಿ, ಎಲ್‌ಇಡಿ ಬಲ್ಬು, ಫ್ರಿಜ್ ಎಲ್ಲ ಕಳಚಿಡಿ. ಮೆಗ್ಗರ್‌ನ (ಇನ್ಸುಲೇಷನ್ ಅಳೆಯುವ ಮೀಟರ್) 500 ವೋಲ್ಟ್‌ಗೆ ಅವು ಸುಟ್ಟುಹೋಗಬಹುದು. ನ್ಯೂಟ್ರಲ್ ಲಿಂಕ್‌ನಿಂದ ವೈರುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದನ್ನೂ ಅರ್ತಿಗೆ ಹಿಡಿದು ಮೆಗ್ಗರ್‌ನಿಂದ ಅಳೆಯಿರಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ್ದೇ ಕಳ್ಳ. ಮಲೆನಾಡಿನ ಮನೆಗಳಲ್ಲಿ ಅದು ಹೆಚ್ಚಾಗಿ ಗೇಟಿನ ದೀಪ, ಹೊರಗಿನ ಬಚ್ಚಲು, ಇಲ್ಲವೇ ಅಡಿಕೆ ಅಂಗಳದ ಪ್ಲಗ್. ವೈರಿನ ಪೈಪು ಮೇಲಿನಿಂದ ಬಾಕ್ಸಿಗೆ ಇಳಿದಿದ್ದರೆ ಮಳೆನೀರು ಅದರಲ್ಲೇ ನೇರ ಬರುತ್ತದೆ. ಪೈಪನ್ನು ಬಾಕ್ಸಿನ ತಳದಿಂದ ಒಳಗೆ ಕೊಡಿ, ತಳದಲ್ಲೊಂದು ಸಣ್ಣ ತೂತು ಬಿಡಿ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಕೊಡುವವರು ಯಾವ ಊರಲ್ಲೂ ಸಿಗುತ್ತಾರೆ, ಮಾಡಿಸಬೇಡಿ.

ಪ್ರಶ್ನೆ: ಪ್ಲಗ್‌ನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತದೆ. ಎರಡು ಫೇಸ್ ಬಂದಿದೆಯೇ?
– ಹೊಸನಗರದ ಓದುಗರು

ಉತ್ತರ: ಹೆಚ್ಚಾಗಿ ಇಲ್ಲ, ನ್ಯೂಟ್ರಲ್ ಎಲ್ಲೋ ಕಡಿದಿರುತ್ತದೆ. ಆನ್ ಇರುವ ಬಲ್ಬಿನ ಮೂಲಕ ಫೇಸ್ ತಿರುಗಿ ನ್ಯೂಟ್ರಲ್ ತಂತಿಗೆ ಬರುತ್ತದೆ. ಎಲ್ಲ ಸ್ವಿಚ್ ಆಫ್ ಮಾಡಿ, ಸಿಕ್ಕಿಸಿದ್ದನ್ನೆಲ್ಲ ಕಳಚಿ ಮತ್ತೆ ನೋಡಿ: ಒಂದರಲ್ಲಿ ಆರಿದರೆ ಅದೇ ಕಾರಣ. ಮಲ್ಟಿಮೀಟರ್‌ನಲ್ಲಿ ಎರಡರ ನಡುವೆ 400 ವೋಲ್ಟ್ ಹತ್ತಿರ ತೋರಿಸಿದರೆ ಮಾತ್ರ ಎರಡು ಫೇಸ್. ಆಗ ಕೂಡಲೇ ಮೇನ್ ಆಫ್ ಮಾಡಿ, ಮೆಸ್ಕಾಂ ಲೈನ್‌ಮನ್‌ಗೆ ಹೇಳಿ.