ತೊಳೆಯುವಾಗಲೇ ಬೀಳುವ ಗೀರು, ಬೂದು ತಿರುಗಿದ ಪ್ಲಾಸ್ಟಿಕ್

ಪ್ರಶ್ನೆ: ನನ್ನದು ಕಪ್ಪು ಬಣ್ಣದ ಕಾರು. ವಾರಕ್ಕೊಮ್ಮೆ ತೊಳೆಯುತ್ತೇನೆ, ದಿನಾ ಬೆಳಗ್ಗೆ ಒಣಬಟ್ಟೆಯಲ್ಲಿ ಧೂಳು ಒರೆಸುತ್ತೇನೆ. ಆದರೂ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬಾ ಜೇಡರ ಬಲೆಯಂಥ ಗೀರುಗಳು. ಮನೆಯಲ್ಲೇ ಪಾಲಿಶ್ ಮಾಡಿದರೆ ಹೋಗುತ್ತವಾ?

ಉತ್ತರ: ಪಾಲಿಶ್ ವಿಷಯ ಆಮೇಲೆ. ಮೊದಲು ಆ ಬೆಳಗಿನ ಒಣಬಟ್ಟೆಯನ್ನು ಇವತ್ತೇ ನಿಲ್ಲಿಸಿ. ನಿಮ್ಮ ಗೀರುಗಳಿಗೆ ದೊಡ್ಡ ಕಾರಣ ಅದೇ. ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ನೀರಿಲ್ಲದೆ ಒರೆಸಿದರೆ ಅವನ್ನೇ ಬಣ್ಣದ ಮೇಲೆ ಎಳೆದಾಡಿದ ಹಾಗಾಗುತ್ತದೆ.

ರಾತ್ರಿ ಟಾರ್ಚ್ ಹಿಡಿದು ಬಾನೆಟ್ ನೋಡಿ. ಗೀರುಗಳು ಬೆಳಕಿನ ಸುತ್ತ ಗುಂಡಗೆ ಕಾಣುತ್ತವೆ. ಟಾರ್ಚ್ ಪಕ್ಕಕ್ಕೆ ಸರಿಸಿ, ಆ ವೃತ್ತವೂ ಜೊತೆಗೇ ಸರಿಯುತ್ತದೆ. ಅಂದರೆ ಗೀರುಗಳು ಎಲ್ಲ ದಿಕ್ಕಿಗೂ ಇವೆ, ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಹೊಳೆಯುತ್ತಿವೆ. ಹಾಗಾಗಿ ‘ಗುಂಡಗೆ ಉಜ್ಜಬೇಡಿ, ಉದ್ದಕ್ಕೆ ಉಜ್ಜಿ’ ಅನ್ನುವ ಸಲಹೆಯನ್ನು ಜಾಸ್ತಿ ನಂಬಿಕೊಳ್ಳಬೇಡಿ. ಬಟ್ಟೆಯಡಿ ಮರಳು ಸಿಕ್ಕಿಕೊಂಡರೆ ಹೇಗೆ ಉಜ್ಜಿದರೂ ಗೀರೇ.

ತೊಳೆಯುವ ಕ್ರಮ ಬದಲಾದರೆ ಅರ್ಧ ಕೆಲಸ ಮುಗಿದ ಹಾಗೆ. ಕಾರು ನೆರಳಲ್ಲಿರಲಿ, ಮುಟ್ಟಿದರೆ ಲೋಹ ತಣ್ಣಗಿರಬೇಕು. ಕೈ ಹಚ್ಚುವ ಮೊದಲು ಧಾರಾಳವಾಗಿ ನೀರು ಹೊಡೆದು ಸಡಿಲ ಮಣ್ಣನ್ನೆಲ್ಲ ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂ ನೀರಲ್ಲಿ ಅದ್ದಿ, ಒಂದು ಭಾಗ ತೊಳೆದು, ಬರೀ ನೀರಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂ ಬಕೆಟ್‌ಗೆ ಹಾಕಿ. ಕೆಲಸ ಮುಗಿದ ಮೇಲೆ ಜಾಲಿಸಿದ ಬಕೆಟ್‌ನ ತಳ ನೋಡಿ. ಅಲ್ಲಿ ಕೂತಿರುವ ಮರಳು ಇಷ್ಟು ದಿನ ನಿಮ್ಮ ಬಾನೆಟ್ ಮೇಲೆ ಓಡಾಡುತ್ತಿತ್ತು. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಗಳಿಗೆ ಬೇರೆ ಬಟ್ಟೆ, ಬೇರೆ ನೀರು. ಪಾತ್ರೆ ತೊಳೆಯುವ ಸೋಪು ಬೇಡ, ಅದು ಬಣ್ಣದ ರಕ್ಷಣೆಗೆ ಹಚ್ಚಿದ ವ್ಯಾಕ್ಸನ್ನೂ (ಮೇಣ) ಕಿತ್ತುಕೊಂಡು ಹೋಗುತ್ತದೆ. ಒರೆಸುವಾಗ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ, ಮೆಲ್ಲಗೆ ಒತ್ತಿ ನೀರು ಹೀರಿಸಿ. ಟವೆಲ್ ನೆಲಕ್ಕೆ ಬಿತ್ತಾ? ಒಗೆಯುವವರೆಗೆ ಅದನ್ನು ಬಣ್ಣಕ್ಕೆ ತಾಗಿಸಬೇಡಿ.

ಈಗ ಪಾಲಿಶ್. ಬಣ್ಣದ ಮೇಲಿರುವ ಪಾರದರ್ಶಕ ಪದರಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ 20ನೇ ಒಂದು ಭಾಗದಷ್ಟು. ಪಾಲಿಶ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಮಟ್ಟ ಮಾಡುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಬಣ್ಣವನ್ನು ಬಿಸಿಲಿನಿಂದ ಕಾಯುವುದೂ ಇದೇ ಪದರ. ಅದಕ್ಕೇ ಪ್ರತಿ ತಿಂಗಳು ಪಾಲಿಶ್ ಮಾಡುವ ಹುಮ್ಮಸ್ಸು ನನಗೆ ಹಿಡಿಸುವುದಿಲ್ಲ. ಒಮ್ಮೆ ಸರಿಯಾಗಿ ಮಾಡಿ, ಆಮೇಲೆ ಜೋಪಾನ ಮಾಡಿ.

ತೊಳೆದು ಒಣಗಿಸಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಮೇಲೆ ಹಗುರವಾಗಿ ಸವರಿ. ಬರಿಗೈಗೆ ನುಣ್ಣಗಿದ್ದ ಜಾಗ ಈಗ ತರಿತರಿ ಅನ್ನಿಸಿದರೆ ಅಂಟಿಕೊಂಡ ಕೊಳೆ ಇನ್ನೂ ಇದೆ ಅಂತ ಅರ್ಥ. ಅದಕ್ಕೆ ಕ್ಲೇ ಬಾರ್, ಅಂದರೆ ಕೊಳೆಯನ್ನು ಅಂಟಿಸಿಕೊಂಡು ಎತ್ತುವ ಮೆತ್ತನೆ ಜೇಡಿಯಂಥ ಉಂಡೆ ಬೇಕು. ಜಾರುವ ದ್ರಾವಣ ಚೆನ್ನಾಗಿ ಸಿಂಪಡಿಸಿ, ಒತ್ತಡ ಹಾಕದೆ ಸವರಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ, ಅದಕ್ಕೆ ಅಂಟಿದ ಮರಳು ಬಿಟ್ಟು ಬರುವುದಿಲ್ಲ.

ಆಮೇಲೆ ಅತಿ ನಯವಾದ ಪಾಲಿಶ್, ಫೋಮ್ ಪ್ಯಾಡ್, ಒಂದು ಅಡಿ ಚೌಕದಲ್ಲಿ ಪ್ರಯೋಗ. ಅಷ್ಟರಲ್ಲೇ ಸಮಾಧಾನವಾದರೆ ಅದಕ್ಕಿಂತ ಒರಟಾದದ್ದು ಬೇಡ. ಕೈಯಲ್ಲಿ ಮಾಡಿದರೆ ಗೀರು ಮಸುಕಾಗುತ್ತದೆ, ಪೂರ್ತಿ ಹೋಗುವುದು ಕಷ್ಟ. ಯಂತ್ರ ತರುವುದಾದರೆ ಡ್ಯುಯಲ್ ಆ್ಯಕ್ಷನ್ ಪಾಲಿಶರ್ ತನ್ನಿ, ಅದರ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ. ಒಂದೇ ಕಡೆ ಗಿರಗಿರ ತಿರುಗುವ ರೋಟರಿ ಹೊಸಬರ ಕೈಗಲ್ಲ, ಕ್ಷಣದಲ್ಲಿ ಬಣ್ಣ ಸುಡುತ್ತದೆ. ಅಂಚು, ಮಡಿಕೆಗಳಲ್ಲಿ ಪದರ ತೆಳು, ಅಲ್ಲಿ ಕೈ ಹಗುರವಿರಲಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಬಿಟ್ಟುಬಿಡಿ, ಅದನ್ನು ತೆಗೆಯಲು ಹೋದರೆ ಪದರವೇ ಹೋದೀತು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಒಂದೋ ನಿಮ್ಮ ಕಾರಿಗೆ ಕ್ಲಿಯರ್ ಕೋಟ್ ಇಲ್ಲ, ಇಲ್ಲವೇ ಆ ಜಾಗದಲ್ಲಿ ಸವೆದುಹೋಗಿದೆ. ಟೂತ್‌ಪೇಸ್ಟ್ ಪ್ರಯೋಗ ಮಾತ್ರ ಯಾರು ಹೇಳಿದರೂ ಬೇಡ.

ಕೊನೆಗೆ ವ್ಯಾಕ್ಸ್ ಅಥವಾ ಸೀಲಂಟ್ (ಕೃತಕ ರಕ್ಷಣಾ ಲೇಪ), ತೆಳುವಾಗಿ. ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಕೆಲವು ವಾರ ಉಳಿಯುತ್ತದೆ, ಸೀಲಂಟ್ ಕೆಲವು ತಿಂಗಳು.

ಪ್ರಶ್ನೆ: ಬಂಪರ್ ಕೆಳಗಿನ ಮತ್ತು ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಬೂದು ತಿರುಗಿದೆ. ವ್ಯಾಕ್ಸ್ ತಾಗಿದ ಕಡೆ ಬಿಳಿ ಕಲೆ ಬೇರೆ. ಹೀಟ್ ಗನ್ ಹಿಡಿದರೆ ಹೊಸದರಂತೆ ಆಗುತ್ತದಂತೆ, ಹೌದಾ?

ಉತ್ತರ: ಹೀಟ್ ಗನ್ ಹಿಡಿದ ಕೂಡಲೇ ಕಪ್ಪಾಗುತ್ತದೆ, ನಿಜ. ಆದರೆ ಬಿಸಿಲು ಬಿದ್ದಂತೆ ಮತ್ತೆ ಬೂದಾಗುತ್ತದೆ. ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ತರಿತರಿ ಮೈ ಕರಗಿ ಹೊಳೆಯುವ ತೇಪೆಯಾಗುತ್ತದೆ, ಅದನ್ನು ಸರಿಮಾಡಲು ಆಗುವುದಿಲ್ಲ. ಪಕ್ಕದ ಬಣ್ಣಕ್ಕೂ ಅಪಾಯ. ನಾನಂತೂ ಬೇಡ ಅನ್ನುತ್ತೇನೆ.

ಈ ಭಾಗಗಳು ಹೆಚ್ಚಾಗಿ ಬಣ್ಣ ಹಚ್ಚದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಮೇಲೆ ಕ್ಲಿಯರ್ ಕೋಟ್ ಇಲ್ಲ, ಬಿಸಿಲು ನೇರ ಮೈಗೇ ಬೀಳುತ್ತದೆ. ಅತಿನೇರಳೆ ಕಿರಣಕ್ಕೆ ಮೇಲ್ಮೈ ಒಡೆಯುತ್ತಾ ಬೂದಾಗುತ್ತದೆ. ಆ ಮೈಯಲ್ಲಿ ಸಣ್ಣ ಗುಳಿಗಳಿವೆ. ವ್ಯಾಕ್ಸ್ ಅಲ್ಲಿ ಇಳಿದು ಒಣಗಿದ್ದೇ ನಿಮ್ಮ ಬಿಳಿ ಕಲೆ. ಬಟ್ಟೆಯಿಂದ ಎಷ್ಟು ತಿಕ್ಕಿದರೂ ಗುಳಿಯ ತಳ ಮುಟ್ಟುವುದಿಲ್ಲ. ಮೆತ್ತನೆ ಹಲ್ಲುಜ್ಜುವ ಬ್ರಷ್ ತಗೊಳ್ಳಿ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಅಷ್ಟೇ ನೀರು ಬೆರೆಸಿ, ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಮೆಲ್ಲಗೆ ಉಜ್ಜಿ. ಹಟಮಾರಿ ಕಲೆಗೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮುಂದಿನ ಸಲ ಪಾಲಿಶ್, ವ್ಯಾಕ್ಸ್ ಮುಟ್ಟುವ ಮೊದಲೇ ಪ್ಲಾಸ್ಟಿಕ್ ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಅದಕ್ಕೆ ಹಿಡಿಯುವ ಹೊತ್ತು ಕಲೆ ತೆಗೆಯುವ ಹೊತ್ತಿಗಿಂತ ಎಷ್ಟೋ ಕಡಿಮೆ.

ಕಪ್ಪು ಮರಳಿ ತರಲು ಎರಡು ದಾರಿ. ಡ್ರೆಸ್ಸಿಂಗ್ (ಪ್ಲಾಸ್ಟಿಕ್‌ಗೆ ಕಪ್ಪು ಮೆರುಗು ಕೊಡುವ ದ್ರವ) ಹಚ್ಚುವುದು ಸುಲಭ, ಆದರೆ ಕೆಲವು ಮಳೆಗೆ ತೊಳೆದುಹೋಗುತ್ತದೆ. ಟ್ರಿಮ್ ಕೋಟಿಂಗ್, ಅಂದರೆ ಪ್ಲಾಸ್ಟಿಕ್ ಮೇಲೆ ಗಟ್ಟಿಯಾಗಿ ಕೂರುವ ಲೇಪ, ತಿಂಗಳುಗಟ್ಟಲೆ ನಿಲ್ಲುತ್ತದೆ, ಆದರೆ ಕೆಳಗೆ ಎಣ್ಣೆ, ಹಳೆಯ ಡ್ರೆಸ್ಸಿಂಗ್ ಒಂದಿಷ್ಟೂ ಇರಬಾರದು. ನೀರು ಹಾಕಿ ನೋಡಿ. ಮಣಿಯಾಗಿ ನಿಂತರೆ ಇನ್ನೂ ಜಿಡ್ಡಿದೆ, ಮತ್ತೆ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಸ್ವಲ್ಪವೇ ಹಚ್ಚಿ, ಉಳಿದದ್ದನ್ನು ತಕ್ಷಣ ಒರೆಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನೀರು ತಾಗಿಸಬೇಡಿ. ಸೀಮೆಎಣ್ಣೆ, ಡೀಸೆಲ್ ಹಚ್ಚಬೇಡಿ. ಹೊಳಪು ಕಾಣುತ್ತದೆ, ಆದರೆ ಧೂಳು ಬಂದು ಅಂಟುತ್ತದೆ, ಅಕ್ಕಪಕ್ಕದ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಪ್ರಶ್ನೆ: ಹಕ್ಕಿ ಹಿಕ್ಕೆ ಒಣಗಿ ಅಂಟಿಕೊಂಡರೆ?

ಉತ್ತರ: ಕೆರೆಯಬೇಡಿ. ಒದ್ದೆ ಮಾಡಿದ ಮೆತ್ತನೆ ಬಟ್ಟೆಯನ್ನು ಅದರ ಮೇಲೆ ಹಾಸಿ, ಐದು-ಹತ್ತು ನಿಮಿಷ ಬಿಡಿ. ನೆನೆದ ಮೇಲೆ ಮೇಲಕ್ಕೆತ್ತಿ ತೆಗೆಯಿರಿ, ಪಕ್ಕಕ್ಕೆ ಎಳೆಯಬೇಡಿ. ಅದರಲ್ಲಿರುವ ಆಮ್ಲ ಬಿಸಿಲಲ್ಲಿ ಬೇಗ ಕ್ಲಿಯರ್ ಕೋಟ್ ತಿನ್ನುತ್ತದೆ, ವಾರದ ತೊಳೆತಕ್ಕೆ ಕಾಯಬೇಡಿ. ನೀರಿನ ಬಾಟಲಿ, ಒಂದು ಬಟ್ಟೆ ಡಿಕ್ಕಿಯಲ್ಲಿದ್ದರೆ ಸಾಕು. ಆಗಲೇ ಗುರುತು ಬಿದ್ದಿದ್ದರೆ ನಯವಾದ ಪಾಲಿಶ್‌ನಿಂದ ಮಸುಕು ಮಾಡಬಹುದು. ಆಳಕ್ಕೆ ತಿಂದಿದ್ದರೆ ಅಷ್ಟಕ್ಕೇ ಬಿಡಿ.