ಫೋಟೋ ಒಪ್ಪಿ ಬಂದವರು ಎದುರಿಗೆ ಕಂಡ ಮೇಲೆ ಹಿಂದೆ ಸರಿಯುತ್ತಾರೆ

ಪ್ರಶ್ನೆ: ನನಗೆ 28 ವರ್ಷ. ಲೆಕ್ಕ ಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕಳೆದ ವರ್ಷ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ನನಗೆ ಆಟಿಸಂ (ಸ್ವಲೀನತೆ, ಅಂದರೆ ಇತರರೊಂದಿಗೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು) ಇದೆ ಎಂದು ತಿಳಿಯಿತು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಫೋಟೋ ನೋಡಿದವರು ‘ಹುಡುಗಿ ಲಕ್ಷಣವಾಗಿದ್ದಾಳೆ’ ಎಂದು ಮನೆಗೆ ಬರುತ್ತಾರೆ, ಉಪ್ಪಿಟ್ಟು ಕೇಸರಿಬಾತ್ ತಿಂದು ಹೋದ ಮೇಲೆ ‘ಜಾತಕ ಕೂಡಿಬರಲಿಲ್ಲ’ ಎಂದು ಹೇಳಿ ಕಳುಹಿಸುತ್ತಾರೆ. ಸೋದರತ್ತೆಯ ಪ್ರಕಾರ ನಾನು ಮುಖವನ್ನು ಮರ ಮಾಡಿಕೊಂಡು ಕೂರುತ್ತೇನೆ, ಕಣ್ಣಿಟ್ಟು ಮಾತನಾಡುವುದಿಲ್ಲ. ರೇಷ್ಮೆ ಸೀರೆ, ಮಲ್ಲಿಗೆ, ಬಳೆ ಯಾವುದನ್ನೂ ನನ್ನ ಮೈ ತಡೆದುಕೊಳ್ಳುವುದಿಲ್ಲ. ತಲೆ ಬಾಚುವ ಹಿಂಸೆ ತಾಳಲಾಗದೆ ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡಿದ್ದೇನೆ. ಗೆಳತಿಯರಿಗೆ ಆಟಿಸಂ ವಿಷಯ ಹೇಳಿದರೆ ‘ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ’ ಎಂದರು. ಹಾಗಾದರೆ ನಾನು ಹೇಗೆ ಕಾಣುತ್ತೇನೆ? ಮುಂದಿನ ವಾರ ಶಿವಮೊಗ್ಗದಿಂದ ಒಂದು ಸಂಬಂಧ ಬರುತ್ತಿದೆ. ಅವರಿಗೆ ವಿಷಯ ತಿಳಿಸಬೇಕೇ? ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ಇದೊಂದನ್ನು ಮುಚ್ಚಿಟ್ಟರೆ ಏನಾಯಿತು’ ಎನ್ನುತ್ತಾರೆ ಅಪ್ಪ.
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ಫೋಟೋ ನೋಡಿ ಊರೂರುಗಳಿಂದ ಜನ ಹೊರಟು ಬರುತ್ತಿದ್ದಾರೆ. ಆದ್ದರಿಂದ ಮೂಗು, ಮುಖ, ಬಣ್ಣದ ಬಗ್ಗೆ ಕೊರಗುವುದನ್ನು ಇಲ್ಲಿಗೇ ಬಿಡಿ.

ಗೆಳತಿಯರು ಹೇಳಿದ ಮಾತು ಹಳೆಯದು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವಿವರ ಬರೆದು ಆಟಿಸಂ ಅನ್ನು ವಿಸ್ತಾರವಾಗಿ ಪರಿಚಯಿಸಿದರು. ಆ ಮಕ್ಕಳ ಮುಖದಲ್ಲಿ ಬುದ್ಧಿವಂತಿಕೆ ಎದ್ದು ಕಾಣುತ್ತದೆ ಎಂದು ಅದರಲ್ಲೇ ದಾಖಲಿಸಿದ್ದರು. ಅಂದಿನಿಂದ ಇಂದಿನವರೆಗೆ ಆಟಿಸಂ ಇರುವ ಮಕ್ಕಳ ತಾಯಂದಿರು ‘ಎಷ್ಟು ಚೆನ್ನಾಗಿದ್ದಾನೆ, ಇವನಿಗೇನಾಗಿದೆ?’ ಎಂಬ ಮಾತನ್ನು ಮದುವೆ ಮನೆಯಲ್ಲಿ, ಬಸ್‌ನಲ್ಲಿ, ಶಾಲೆಯ ಗೇಟಿನಲ್ಲಿ ಕೇಳುತ್ತಲೇ ಇದ್ದಾರೆ. ಡೌನ್ ಸಿಂಡ್ರೋಮ್ ಎಂಬ ಹುಟ್ಟು ಸ್ಥಿತಿಯನ್ನು ಬಹುಮಟ್ಟಿಗೆ ಮುಖ ನೋಡಿ ಗುರುತಿಸಬಹುದು, ಆಟಿಸಂ ಅನ್ನು ಹಾಗೆ ಗುರುತಿಸಲಾಗದು. ನಡೆ, ನುಡಿ, ಬಾಲ್ಯದ ವಿವರ, ಶಬ್ದ ಸ್ಪರ್ಶಗಳಿಗೆ ಮೈ ಪ್ರತಿಕ್ರಿಯಿಸುವ ರೀತಿ ಇವನ್ನು ನೋಡಿಯೇ ತಜ್ಞರು ನಿರ್ಧಾರಕ್ಕೆ ಬರುತ್ತಾರೆ. ಗೆಳತಿಯರು ಹೊಗಳಿಕೆ ಎಂದೇ ಹೇಳಿರಬಹುದು, ಆದರೆ ನಿಮ್ಮ ಮಾತನ್ನು ಅವರು ಪೂರ್ತಿ ನಂಬಲಿಲ್ಲ ಎಂಬುದೂ ಅದರಲ್ಲಿದೆ. ನೋವಾದದ್ದು ಸಹಜ.

ಫೋಟೋ ಒಪ್ಪಿದವರು ಎದುರಿಗೆ ಕಂಡಾಗ ಏಕೆ ಸರಿಯುತ್ತಾರೆ? ಟೆಕ್ಸಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕೇಂದ್ರದ ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆಯ ಸುತ್ತ ಇದೆ. ಆಟಿಸಂ ಇರುವವರು ಮತ್ತು ಇಲ್ಲದವರು ಮಾತನಾಡುವ ಕೆಲವೇ ಸೆಕೆಂಡುಗಳ ತುಣುಕುಗಳನ್ನು ಅಪರಿಚಿತರಿಗೆ ತೋರಿಸಿದರು. ಯಾರಿಗೆ ಆಟಿಸಂ ಇದೆ ಎಂದು ನೋಡುವವರಿಗೆ ಹೇಳಿರಲಿಲ್ಲ. ಆದರೂ ಆಟಿಸಂ ಇರುವವರ ಬಗ್ಗೆ ಅವರ ಅಭಿಪ್ರಾಯ ಕೆಳಗಿಳಿಯಿತು, ಅದೂ ಕ್ಷಣಾರ್ಧದಲ್ಲಿ. ವಿಡಿಯೋ ನೋಡಿದರೂ, ದನಿ ಮಾತ್ರ ಕೇಳಿದರೂ, ಅದೇ ವಿಡಿಯೋದ ಒಂದು ಸ್ಥಿರ ಚಿತ್ರ ನೋಡಿದರೂ ಹಾಗೆಯೇ. ಕೊನೆಗೆ ಆಡಿದ ಮಾತನ್ನು ಮಾತ್ರ ಬರಹಕ್ಕಿಳಿಸಿ ಓದಲು ಕೊಟ್ಟರು. ಆಗ ವ್ಯತ್ಯಾಸ ಮಾಯವಾಯಿತು! ಅದೇ ತಂಡ ಮುಂದೆ ಅಪರಿಚಿತರನ್ನು ಐದು ನಿಮಿಷ ಎದುರುಬದುರು ಕೂರಿಸಿ ಮಾತನಾಡಿಸಿದಾಗ, ಆಟಿಸಂ ಇರುವವರಿಗೆ ಆಕರ್ಷಣೆಯ ಅಂಕ ಕಡಿಮೆ ಬಿತ್ತು. ಬುದ್ಧಿವಂತಿಕೆ ಮತ್ತು ನಂಬಿಕೆಯ ಅಂಕ ಕಡಿಮೆಯಾಗಲಿಲ್ಲ.

ಇದನ್ನು ಸಿಹಿ ಸವರಿ ಹೇಳುವ ಮನಸ್ಸು ನನಗಿಲ್ಲ. ಜನ ‘ಲಕ್ಷಣ’ ಎನ್ನುವುದರಲ್ಲಿ ನಗು ಯಾವಾಗ ಬಂತು, ದನಿ ಹೇಗೆ ಏರಿಳಿಯಿತು, ಕೈ ಎಲ್ಲಿತ್ತು ಎಂಬುದೂ ಸೇರಿರುತ್ತದೆ, ಮತ್ತು ಆ ಲೆಕ್ಕ ಅವರಿಗೇ ಗೊತ್ತಿಲ್ಲದೆ ನಡೆಯುತ್ತದೆ. ಹೆಣ್ಣು ನೋಡುವ ಶಾಸ್ತ್ರವೋ, ಮೊದಲ ನೋಟಕ್ಕೇ ಎಲ್ಲ ಅಂಕ ಕೊಡುವ ಪರೀಕ್ಷೆ. ಅಪರಿಚಿತರು ತುಂಬಿದ ಹಜಾರ, ಗಿರಗಿರ ಫ್ಯಾನು, ಒಟ್ಟೊಟ್ಟಿಗೆ ನಾಲ್ಕು ಮಾತು, ಮೈಮೇಲೆ ಚುಚ್ಚುವ ಬಟ್ಟೆ, ಕೈಯಲ್ಲಿ ಕಾಫಿ ತಟ್ಟೆ. ನಿಮ್ಮನ್ನು ಸೋಲಿಸಲೆಂದೇ ಯಾರೋ ಕೂತು ಯೋಚಿಸಿದರೂ ಇದಕ್ಕಿಂತ ಚೆನ್ನಾಗಿ ಏರ್ಪಡಿಸುತ್ತಿರಲಿಲ್ಲ.

ಸೋದರತ್ತೆಯ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ಕಣ್ಣಿಟ್ಟು ನೋಡುವುದನ್ನು, ಹೇಳಿದಾಗ ನಗುವುದನ್ನು ಅಭ್ಯಾಸ ಮಾಡಿ ಒಂದು ಸಂಜೆ ದಾಟಿಸಬಹುದು. ಹಾಗೆ ಒಪ್ಪಿಕೊಂಡು ಹೋದವನ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅದೇ ವೇಷ ಹಾಕಿಕೊಂಡಿರಬೇಕಲ್ಲ, ಅದಕ್ಕೆ ಸೋದರತ್ತೆಯವರ ಬಳಿ ಉಪಾಯವಿದೆಯೇ? ಹೀಗೆ ಸದಾ ತಮ್ಮ ಸಹಜ ನಡೆಯನ್ನು ಮುಚ್ಚಿಟ್ಟುಕೊಳ್ಳುವ ಆಟಿಸಂ ಇರುವವರಲ್ಲಿ ಆತಂಕ, ಖಿನ್ನತೆ, ಬದುಕೇ ಬೇಡವೆನ್ನುವ ಯೋಚನೆ ಹೆಚ್ಚು ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅಂಥ ಯೋಚನೆ ನಿಮ್ಮಲ್ಲೂ ಸುಳಿಯುತ್ತಿದ್ದರೆ ಇಂದೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಉಡುಪಿನ ವಿಷಯದಲ್ಲಿ ಮಾತ್ರ ‘ಹೇಗಿದ್ದರೂ ನಡೆಯುತ್ತದೆ’ ಎಂದು ನಾನು ಹೇಳುವುದಿಲ್ಲ. ನೀವು ಚೆನ್ನಾಗಿ ಕಾಣಬೇಕು, ನಿಮ್ಮ ಚರ್ಮಕ್ಕೂ ಅದು ಒಪ್ಪಿಗೆಯಾಗಬೇಕು. ಸ್ಪರ್ಶ, ವಾಸನೆ, ಶಬ್ದಗಳಿಗೆ ಅತಿಯಾಗಿ ಸ್ಪಂದಿಸುವುದು 2013ರಿಂದ ಆಟಿಸಂನ ಲಕ್ಷಣಗಳ ಅಧಿಕೃತ ಪಟ್ಟಿಯಲ್ಲೇ ಇದೆ, ಅಮ್ಮನಿಗೆ ಇದನ್ನು ಓದಿ ಹೇಳಿ, ‘ಹಟ’ ಎನ್ನುವುದು ನಿಲ್ಲಲಿ. ರೇಷ್ಮೆಯಲ್ಲಿ ಚುಚ್ಚುವುದು ಹೆಚ್ಚಾಗಿ ಜರಿ, ಮತ್ತು ರವಿಕೆಯ ಒಳಹೊಲಿಗೆ. ಹತ್ತಾರು ಸಲ ಒಗೆದು ಮೆತ್ತಗಾದ, ಜರಿಯಿಲ್ಲದ ಹತ್ತಿ ಸೀರೆಯನ್ನು ಗಟ್ಟಿ ಬಣ್ಣದಲ್ಲಿ ಆರಿಸಿಕೊಳ್ಳಿ. ರವಿಕೆಗೆ ಪೂರ್ತಿ ಹತ್ತಿಯ ಲೈನಿಂಗ್ ಕೊಡಿಸಿ, ತೋಳಿನ ಪಟ್ಟಿಯನ್ನು ಹೊರಮಗ್ಗುಲಿಗೆ ಮಡಿಸಿ ಹೊಲಿಯಲು ಟೈಲರ್‌ಗೆ ಹೇಳಿ, ಕತ್ತಿನ ಹಿಂದಿನ ಚೀಟಿ ಕತ್ತರಿಸಿ. ಅಂಟಿನ ಬಿಂದಿಯ ಬದಲು ಚಿಟಿಕೆ ಕುಂಕುಮ. ಹೂ ಮುಡಿಯಲೇಬೇಕೆಂದು ಅಮ್ಮ ಹಟ ಹಿಡಿದರೆ ಕನಕಾಂಬರ ಇದೆ, ಅದಕ್ಕೆ ವಾಸನೆಯೇ ಇಲ್ಲ. ಕತ್ತಿನವರೆಗಿನ ಕೂದಲಿನಲ್ಲಿ ತಪ್ಪೇನೂ ಇಲ್ಲ, ಒಳ್ಳೆಯ ಕತ್ತರಿಯವರ ಬಳಿ ಅಂಚು ಸರಿಮಾಡಿಸಿಕೊಂಡರೆ ಸಾಕು. ಮೈ ಹಿಡಿ ಮಾಡಿಕೊಂಡು ಕೂರುವುದು ತಪ್ಪಿದರೆ ಮುಖದ ಬಿಗಿಯೂ ಒಂದಷ್ಟು ತಾನಾಗಿ ಸಡಿಲಾಗುತ್ತದೆ.

ಇನ್ನು ತಂದೆಯವರ ಗಾದೆ. ಹುಡುಗ ತೆಗೆದುಕೊಂಡ ಖಾಲಿ ಸೈಟನ್ನು ಬಂಗಲೆ ಎನ್ನುವ ಮಟ್ಟದ ಸುಳ್ಳಿಗೆ ಅದು ಸರಿಹೋಗಬಹುದು. ಇಲ್ಲಿ ಮುಚ್ಚಿಟ್ಟದ್ದು ಮೊದಲ ಹಬ್ಬದ ಗದ್ದಲದಲ್ಲೇ ಹೊರಬೀಳುತ್ತದೆ, ಆಗ ಒಬ್ಬರೇ ಎದುರಿಸಬೇಕಾದವರು ನೀವು. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಪ್ರಕಾರ, ಸಂಗಾತಿಗೆ ಸಂಬಂಧಿಸಿದ ಮುಖ್ಯ ಸಂಗತಿಯೊಂದನ್ನು ವಂಚನೆಯಿಂದ ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೆ ಮದುವೆ ರದ್ದು ಕೋರಲು ಅವಕಾಶವಿದೆ. ನಿಮ್ಮಂಥ ಪ್ರಕರಣದಲ್ಲಿ ನ್ಯಾಯಾಲಯ ಏನನ್ನುತ್ತದೋ, ಆ ಮೆಟ್ಟಿಲನ್ನೇಕೆ ಹತ್ತಬೇಕು?

ಹೇಳಿ, ಮತ್ತು ಅವರು ಬರುವ ಮೊದಲೇ ಹೇಳಿ. ಒಂದಷ್ಟು ಸಂಬಂಧಗಳು ಅಲ್ಲಿಗೇ ನಿಲ್ಲುತ್ತವೆ, ಅದು ಖಂಡಿತ. ಆದರೆ ಸ್ಯಾಸನ್ ಅವರ 2019ರ ಇನ್ನೊಂದು ಅಧ್ಯಯನದಲ್ಲಿ, ವಿಡಿಯೋದಲ್ಲಿರುವವರಿಗೆ ಆಟಿಸಂ ಇದೆ ಎಂದು ಮೊದಲೇ ತಿಳಿಸಿದಾಗ ನೋಡುವವರ ಮೊದಲ ಅಭಿಪ್ರಾಯ ಸುಧಾರಿಸಿತು, ಆಟಿಸಂ ಬಗ್ಗೆ ತಿಳಿದವರಲ್ಲಿ ಇನ್ನೂ ಹೆಚ್ಚು. ಕಾರಣ ತಿಳಿದಾಗ ‘ಜಂಬ’ ಎಂದುಕೊಂಡದ್ದನ್ನು ಜನ ಬೇರೆ ರೀತಿಯಲ್ಲಿ ನೋಡುತ್ತಾರೆ.

ಶಿವಮೊಗ್ಗದ ಹುಡುಗನ ನಂಬರು ತರಿಸಿ ವಾಟ್ಸಾಪ್‌ನಲ್ಲಿ ನೀವೇ ಬರೆಯಿರಿ. ನಿಮ್ಮ ಪತ್ರ ಓದಿದ ನನಗೆ ಒಂದು ಗೊತ್ತು, ಬರವಣಿಗೆಯಲ್ಲಿ ನೀವು ಗಟ್ಟಿಗರು. ಹೀಗೆ ಬರೆಯಬಹುದು: ‘ನನಗೆ ಆಟಿಸಂ ಇದೆ. ಕೆಲಸ, ಮನೆ ಎರಡನ್ನೂ ನೋಡಿಕೊಳ್ಳುತ್ತೇನೆ. ಗದ್ದಲದಲ್ಲಿ ಮಾತು ಕಡಿಮೆಯಾಗುತ್ತದೆ, ಮಾತನಾಡುವಾಗ ಬೇರೆ ಕಡೆ ನೋಡುತ್ತೇನೆ, ಅದು ಅಸಡ್ಡೆಯಲ್ಲ. ಕೇಳುವುದೇನಾದರೂ ಇದ್ದರೆ ಕೇಳಿ.’ ಒಂದೆರಡು ದಿನ ಹೀಗೇ ಮಾತು ನಡೆಯಲಿ. ಆಮೇಲೆ ಬರುವುದಾದರೆ ಹುಡುಗ ಮತ್ತು ಅವನ ಜೊತೆಗೆ ಒಬ್ಬಿಬ್ಬರು ಬಂದರೆ ಸಾಕು ಎಂದು ಅಮ್ಮ ಅವರ ಮನೆಗೆ ತಿಳಿಸಲಿ.

ತಂದೆಯವರ ಜೊತೆ ಈ ಮಾತನ್ನು ನೀವೊಬ್ಬರೇ ಆಡುವುದು ಕಷ್ಟವಾದರೆ, ನಿಮ್ಮನ್ನು ಪರೀಕ್ಷಿಸಿದ ಮನಃಶಾಸ್ತ್ರಜ್ಞರೊಂದಿಗೆ ಅಪ್ಪ ಅಮ್ಮ ಇಬ್ಬರನ್ನೂ ಫೋನಿನಲ್ಲಿ ಮಾತನಾಡಿಸಿ. ಇದು ಶಿವಮೊಗ್ಗದವರು ಬರುವ ಮೊದಲೇ ಆಗಬೇಕು. ಅಷ್ಟರಲ್ಲಿ ಆಗುವುದಿಲ್ಲವೆಂದರೆ ಅವರನ್ನು ಇನ್ನೊಂದು ವಾರ ಬಿಟ್ಟು ಬರಲು ಹೇಳಿ.